ನಿಲ್ ಎಂಬ ಊರಿನಲ್ಲಿ

ಊರ ಹೆಸರು ನಿಲ್.
ಇಲ್ಲಿಯವರಿಗೆ ಅದಕ್ಕೆ ಬೇರೇನೋ ಅರ್ಥವಂತೆ.
ನನ್ನ ಕಣ್ಣಿಗೆ ಮಾತ್ರ ಹೆದ್ದಾರಿಯ ಫಲಕ
ಅಚ್ಚಗನ್ನಡದಲ್ಲಿ ಗದರುತ್ತದೆ: ನಿಲ್.
ಮೆಲ್ಬರ್ನಿಗೂ ಅಡಿಲೇಡಿಗೂ ನಡುವೆ
ಲಾರಿಗಳು ನಿಲ್ಲದೆ ಓಡುವಲ್ಲಿ
ನಾನು ನಿಂತೆ.

ವಾರವಿಡೀ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ
ಅನ್ಯರ ಎಲುಬುಗಳಿಗೆ, ಉಸಿರು ಬಿಗಿಹಿಡಿಯಿರಿ, ಅನ್ನುತ್ತೇನೆ.
ಜುಲೈ ಭಾನುವಾರಗಳಲ್ಲಿ
ಮರ್ಲ್ ಪೋಲ್ನರ್ ಅವರ ತಗಡು ಗಾಡಿಯಲ್ಲಿ,
ಕಾಲ ಮೇಲೆ ಅವರ ಒದ್ದೆ ನಾಯಿ,
ಬುಲೋಕ್ ಸಸಿ ನೆಡಲು ಹೋಗುತ್ತೇನೆ.

ಬುಲೋಕ್ ಅಂದರೆ ನಮ್ಮ ಗಾಳಿಮರದ ದಾಯಾದಿ.
ಎಲೆಯೇ ಇಲ್ಲ, ಬರೀ ಕೂದಲು.
ನೆಟ್ಟ ದಿನ ನೋಡಿದರೆ
ಬಾಚಣಿಗೆಯಿಂದ ಕಿತ್ತೆಸೆದ ಸಿಕ್ಕಿನ ಹಾಗೆ.
ಕೆಂಪು ಬಾಲದ ಕರಿ ಕಾಕಟೂಗೆ ಇದರ ಬೀಜವೆಂದರೆ ಹಬ್ಬದೂಟ,
ಎಲೆ ಹಾಕಿ ಬಡಿಸುವಷ್ಟಾಗಲು ನೂರು ವರ್ಷ.
ಮರ್ಲ್‌ಗೆ ಈಗ ಎಪ್ಪತ್ತೊಂಬತ್ತು.
ಲೆಕ್ಕ ಬಿಡು, ಅನ್ನುತ್ತಾರೆ,
ಸಸಿಯ ತಟ್ಟೆ ಹಿಡಿ.

ಗುಂಡಿ ತೋಡುವವನು ಎಹ್ ಡೋ,
ಬರ್ಮಾ ಗಡಿಯ ಶಿಬಿರದಲ್ಲಿ ಹುಟ್ಟಿ
ಇಲ್ಲಿ ಬಾತುಕೋಳಿ ಕಾರ್ಖಾನೆಯಲ್ಲಿ ದುಡಿಯುವವನು.
ಅವನ ಹೆಂಡತಿ ಪೋ ವಾ ಸಸಿ ಇಳಿಸುತ್ತಾಳೆ.
ಬುಡದ ಮಣ್ಣು ತುಳಿಯುವವಳು ನಾನು.
ಗೋಧಿ ಬೆಳೆಯುವ ಡಾರಿಲ್,
ಹವಾಮಾನದ ಮಾತೆತ್ತಿದರೆ ಮುಖ ಸಿಂಡರಿಸುವ ಡಾರಿಲ್,
ಒಂದೊಂದು ಸಸಿಗೂ ಮೂರು ಗೂಟ ಬಡಿಯುತ್ತಾನೆ.
ಹಿಂದಿನಿಂದ ಮರ್ಲ್ ಕವಚ ತೊಡಿಸಿಕೊಂಡು ಬರುತ್ತಾರೆ
ಚಳಿಯ ಬೆಳಗ್ಗೆ ಮಕ್ಕಳಿಗೆ ಸ್ವೆಟರ್ ಹಾಕುವ ಹಾಗೆ, ಕೊಂಚ ಒರಟಾಗಿ.
ಇಡೀ ಮರವೊಂದನ್ನು ಇಲ್ಲಿ ಯಾರೂ ನೆಟ್ಟಿಲ್ಲ.

ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ,
ಶಾಲೆಯ ಗೋಡೆಯ ಮೇಲೆ ಬರೆದಿದ್ದರು.
ಹೊರೆ ಬಿದ್ದರೆ ಯಾರ ತಲೆಗೆ ಎಂದು
ಬರೆದಿರಲಿಲ್ಲ.

ಹೋದ ವರ್ಷ ಒಂದು ರಾತ್ರಿ ಗೇಟು ತೆರೆದೇ ಇತ್ತು.
ಪಕ್ಕದ ಹೊಲದ ಕುರಿಗಳು ನುಗ್ಗಿ
ಬೆಳಗಾಗುವುದರಲ್ಲಿ ನಾನೂರ ಹನ್ನೆರಡು ಸಸಿ,
ಗೂಟ, ಕವಚ, ಎಲ್ಲ ನೆಲಕ್ಕೆ.
ಕೊನೆಗೆ ಹೊರಬಂದವಳು ನಾನು.
ಬೆರಳು ಮರಗಟ್ಟಿತ್ತು, ಫೋನು ಹೊಡೆದುಕೊಳ್ಳುತ್ತಿತ್ತು,
ಸರಪಳಿ ಕೊಂಡಿಗೆ ಬಿತ್ತೋ ಇಲ್ಲವೋ...
ಬಿದ್ದಿರಲಿಲ್ಲ.

ಊರ ಹಾಲಿನಲ್ಲಿ ಸಭೆ.
ಮೂಲೆಯಲ್ಲಿ ಚಹಾದ ಹಂಡೆ ಗುಂಯ್‌ಗುಟ್ಟುತ್ತಿತ್ತು.
ನಾನು ಬಾಯಿ ತೆರೆಯುವ ಮೊದಲೇ
ಮರ್ಲ್ ದಪ್ಪ ಪುಸ್ತಕದಲ್ಲಿ ಬರೆದು, ಬರೆದದ್ದನ್ನು ಓದಿದರು.
ಓದಿದ್ದು ಇಂಗ್ಲಿಷು, ನನ್ನೊಳಗೆ ಇಳಿದದ್ದು ಕನ್ನಡ:
ಗೇಟು ಹಾಕಲು ಮರೆತೆವು. ಮತ್ತೆ ನೆಡುತ್ತೇವೆ.

ಮರೆತೆವು.
ಕ್ರಿಯಾಪದದ ಬಾಲಕ್ಕೆ ಅಂಟಿದ ಇಷ್ಟೇ ಇಷ್ಟು 'ವು',
ಹುಟ್ಟಿದಾಗಿನಿಂದ ಆಡುತ್ತಾ ಬಂದದ್ದು,
ಅದರಡಿ ಒಬ್ಬಳು ನಡುಗುತ್ತಾ ನಿಲ್ಲುವಷ್ಟು ಜಾಗವಿದೆಯೆಂದು
ಆ ಸಂಜೆಯವರೆಗೆ ತಿಳಿದಿರಲಿಲ್ಲ.
ತಿಳಿದ ಮೇಲೆ ಅಡಗಿರುವುದೂ ಆಗಲಿಲ್ಲ.
ನಾನು, ಎಂದೆ. ಕೊನೆಗೆ ಬಂದದ್ದು ನಾನು.
ಡಾರಿಲ್ ಬಿಸ್ಕತ್ತು ಅದ್ದುತ್ತಾ ತಲೆಯೆತ್ತದೆ ಅಂದ:
ಗೊತ್ತು. ಕುರಿಗಳು ನನ್ನವಲ್ಲವೆ.

ಬುಲೋಕಿನಲ್ಲಿ ಗಂಡು ಬೇರೆ, ಹೆಣ್ಣು ಬೇರೆ.
ಹೂ ಬಿಡುವತನಕ ಯಾವುದು ಯಾವುದೆಂದು
ನೆಟ್ಟವರಿಗೂ ಗೊತ್ತಿಲ್ಲ, ನೆಡಿಸಿಕೊಂಡದ್ದಕ್ಕೂ ಗೊತ್ತಿಲ್ಲ.
ಒಂಟಿ ಮರ ಎಷ್ಟೇ ಎತ್ತರ ಬೆಳೆದರೂ
ಹಕ್ಕಿಗೆ ಉಪವಾಸ.
ಅದಕ್ಕೇ ಇಷ್ಟೊಂದು, ಅದಕ್ಕೇ ಹತ್ತಿರ ಹತ್ತಿರ.

ಈ ವರ್ಷದ್ದು ಇವತ್ತಿಗೆ ಮುಗಿಯಿತು.
ಆ ಹಕ್ಕಿಯನ್ನು ನಾನಿನ್ನೂ ಒಮ್ಮೆಯೂ ಕಂಡಿಲ್ಲ.
ಹೊರಡುವಾಗ ಸರಪಳಿಯನ್ನು
ಒಬ್ಬೊಬ್ಬರಾಗಿ ಎಳೆದು ನೋಡುತ್ತೇವೆ, ಐದೂ ಜನ,
ಯಾರೂ ಹೇಳಿಕೊಟ್ಟದ್ದಲ್ಲ.
ಕೊನೆಗೆ ಪೋ ವಾಳ ಆರು ವರ್ಷದ ಮಗ,
ಕೈ ಕೊಂಡಿಗೆ ಎಟುಕುವುದಿಲ್ಲ.
ಡಾರಿಲ್ ಗೊಣಗುತ್ತಾ ಎತ್ತಿಕೊಳ್ಳುತ್ತಾನೆ.